ಮಗಳ ಪಟ್ಟಿ, ಅಮ್ಮನ ಕಾಲು

ಪ್ರಶ್ನೆ: ನನಗೆ ಐವತ್ನಾಲ್ಕು ವರ್ಷ. ದಾವಣಗೆರೆಯ ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ. ಬೆಂಗಳೂರಿನಲ್ಲಿರುವ ಮಗಳು ಡಿಸೆಂಬರ್ ಕೊನೆಗೆ ನನ್ನನ್ನು ಉತ್ತರಾಖಂಡದ ಕೇದಾರಕಂಠ ಚಾರಣಕ್ಕೆ ಕರೆದುಕೊಂಡು ಹೋಗುತ್ತೇನೆಂದು ಹಟ ಹಿಡಿದು ಹಣವನ್ನೂ ಕಟ್ಟಿಬಿಟ್ಟಿದ್ದಾಳೆ. ನನಗೂ ಆಸೆ ಇದೆ, ಸುಳ್ಳು ಹೇಳುವುದಿಲ್ಲ. ಡಾಕ್ಟರು ಬಿಪಿ, ಇಸಿಜಿ ನೋಡಿ ಹೋಗಿಬನ್ನಿ ಎಂದಿದ್ದಾರೆ. ತೊಂದರೆ ಶುರುವಾಗಿದ್ದು ಸಾಮಾನಿನ ಪಟ್ಟಿಯಿಂದ. ಶೂ, ಎರಡು ಜಾಕೆಟ್, ಬ್ಯಾಗು, ಕೋಲು, ಸ್ಲೀಪಿಂಗ್ ಬ್ಯಾಗು ಅಂತ ಇಪ್ಪತ್ತಾರು ಬಾಬತ್ತು. ಮೊತ್ತ 41,000 ರೂಪಾಯಿ. ಎಲ್ಲವನ್ನೂ ಆನ್‌ಲೈನಿನಲ್ಲಿ ಆರಿಸಿಟ್ಟು ನಾನು ಹ್ಞೂಂ ಅನ್ನುವುದನ್ನೇ ಕಾಯುತ್ತಿದ್ದಾಳೆ. ನಮ್ಮ ಮನೆಯವರು ಪಟ್ಟಿ ನೋಡಿ, ‘ಬೆಟ್ಟ ಹತ್ತೋಕೆ ಹೋಗ್ತೀಯೋ, ಬೆಟ್ಟ ಕೊಂಡ್ಕೊಳ್ಳೋಕೋ?’ ಅಂದರು. ಮಗಳು ಕಾಲೇಜಿನಲ್ಲಿದ್ದಾಗ ಕೊಂಡ ಒಳ್ಳೆಯ ಟ್ರೆಕ್ಕಿಂಗ್ ಶೂ ಅಟ್ಟದ ಮೇಲಿದೆ, ನನ್ನ ಕಾಲಿಗೂ ಹಿಡಿಸುತ್ತದೆ. ಅದೇ ಸಾಲದೆ? ಅಂಗಡಿಗೇ ಹೋಗಿ ವಿಚಾರಿಸೋಣವೆಂದರೆ ಅಲ್ಲಿನ ಹುಡುಗರು ನಕ್ಕಾರು ಅನ್ನುವ ಮುಜುಗರ. ಏನನ್ನು ಎಲ್ಲಿ ಕೊಳ್ಳಲಿ?

ಉತ್ತರ: ಮೊದಲು ಅಟ್ಟದ ಶೂ ವಿಷಯ ಮುಗಿಸಿಬಿಡೋಣ, ಯಾಕೆಂದರೆ ನಿಮ್ಮ ಕಾಗದದಲ್ಲಿ ನನಗೆ ಭಯ ಹುಟ್ಟಿಸಿದ್ದು ಆ 41,000 ಅಲ್ಲ, ಈ ಶೂ.

ಕೆಲವು ವರ್ಷಗಳ ಹಿಂದೆ ಕುಮಾರಪರ್ವತಕ್ಕೆ ಹೊರಟಾಗ ನಾನೂ ಅಟ್ಟದಿಂದ ಒಂದು ಜೊತೆ ಇಳಿಸಿಕೊಂಡಿದ್ದೆ. ಹೆಚ್ಚು ಹಾಕಿರಲಿಲ್ಲ, ಹೊಸದರಂತೆ ಹೊಳೆಯುತ್ತಿತ್ತು. ಹತ್ತುವಾಗ ತಕರಾರಿಲ್ಲ. ಶೇಷಪರ್ವತ ಇಳಿದು ಕಲ್ಲುಮಂಟಪದ ಕಡೆ ಬರುತ್ತಿದ್ದಂತೆ ಬಲಗಾಲಿನ ಅಟ್ಟೆ ಹೆಂಚಿನಿಂದ ದೋಸೆ ಎದ್ದ ಹಾಗೆ ಎದ್ದು ಬಂತು. ಅರ್ಧ ಗಂಟೆಗೆ ಎಡಗಾಲಿನದು. ಲೇಸು, ಕರವಸ್ತ್ರ, ಜೊತೆಗಿದ್ದವರ ಬ್ಯಾಗಿನ ಪಟ್ಟಿ ಎಲ್ಲ ಸೇರಿಸಿ ಬಿಗಿದುಕೊಂಡು ಗಿರಿಗದ್ದೆಯ ಭಟ್ಟರ ಮನೆ ಸೇರುವಾಗ ನನ್ನ ಪಾದ ಯಾವುದು, ಕಟ್ಟು ಯಾವುದು ಎಂದು ಗೊತ್ತಾಗುತ್ತಿರಲಿಲ್ಲ.

ಅಂಟು ಕೆಟ್ಟಿತ್ತು ಎಂದುಕೊಂಡಿದ್ದೆ. ಕೆಟ್ಟದ್ದು ಅಂಟಲ್ಲ. ಇಂಥ ಎಷ್ಟೋ ಶೂಗಳಲ್ಲಿ ಅಟ್ಟೆಗೂ ಮೇಲ್ಭಾಗಕ್ಕೂ ನಡುವೆ ಪಾಲಿಯುರೆಥೇನ್ ಎಂಬ ಮೆತ್ತನೆಯ ಪದರ ಇರುತ್ತದೆ. ಅದು ಗಾಳಿಯಲ್ಲಿನ ತೇವವನ್ನು ಹೀರಿ ವರ್ಷಗಳು ಕಳೆದಂತೆ ಒಳಗೊಳಗೇ ಪುಡಿಯಾಗುತ್ತದೆ. ತಮಾಷೆ ಏನೆಂದರೆ, ಹಾಕಿ ನಡೆದಾಡಿದ ಶೂಗಿಂತ ಡಬ್ಬದಲ್ಲಿ ಕಟ್ಟಿಟ್ಟ ಶೂ ಬೇಗ ಹಾಳಾಗುತ್ತದೆ. ಮಗಳ ಶೂಗೆ ಐದಾರು ವರ್ಷ ದಾಟಿದ್ದರೆ ಹೆಬ್ಬೆರಳಿನಿಂದ ಆ ಪದರವನ್ನು ಒತ್ತಿ ನೋಡಿ, ಬಾಗಿಸಿ ನೋಡಿ. ಬಿರುಕು ಬಿಟ್ಟರೆ, ಪುಡಿ ಉದುರಿದರೆ ಮಾತೇ ಇಲ್ಲ. ಉದುರದಿದ್ದರೂ ಹಿಮದಲ್ಲಿ ಅದನ್ನು ನಂಬಬೇಡಿ. ಊರಲ್ಲಿ ವಾಕಿಂಗ್‌ಗೆ ಇಟ್ಟುಕೊಳ್ಳಿ. ‘ಅರ್ಧ ಬೆಲೆ’ ಎಂದು ಆನ್‌ಲೈನಿನಲ್ಲಿ ಬರುವ ಹಳೆಯ ದಾಸ್ತಾನಿಗೂ ಇದೇ ರೋಗ ಇರಬಹುದು. ಶೂ ನಾಲಿಗೆಯ ಒಳಬದಿಯಲ್ಲೋ ಡಬ್ಬದ ಮೇಲೋ ತಯಾರಾದ ತಿಂಗಳು, ವರ್ಷ ಅಚ್ಚಾಗಿದ್ದರೆ ಓದಿಯೇ ದುಡ್ಡು ಕೊಡಿ.

ಈಗ ಪಟ್ಟಿಗೆ ಬರೋಣ. ಪಾದಕ್ಕೆ, ಮೈಗೆ ಅಂಟಿಕೊಳ್ಳುವುದನ್ನು ಕೊಳ್ಳಿ. ಹಿಮಕ್ಕೆಂದೇ ಐದು ದಿನ ಬೇಕಾಗುವುದನ್ನು ಬಾಡಿಗೆಗೆ ತೆಗೆದುಕೊಳ್ಳಿ. ಉಳಿದದ್ದು ಮನೆಯಲ್ಲಿದೆ, ಇಲ್ಲವೇ ನಿಮ್ಮ ಪೇಟೆಯಲ್ಲಿದೆ. ಈ ಜರಡಿಯಲ್ಲಿ ಸೋಸಿದರೆ ನಿಮ್ಮ ಖರ್ಚು ಹದಿನೈದು ಸಾವಿರದ ಒಳಗೇ ನಿಲ್ಲುತ್ತದೆ ಎಂಬುದು ನನ್ನ ಅಂದಾಜು. ಅದರಲ್ಲಿ ದೊಡ್ಡ ಪಾಲು ಶೂಗೇ ಹೋಗಲಿ, ಕೊರಗಬೇಡಿ.

ಶೂ ಮಾತ್ರ ಆನ್‌ಲೈನಿನಲ್ಲಿ ಬೇಡವೇ ಬೇಡ. ಹುಟ್ಟಿದಾಗಿನಿಂದ ಚಪ್ಪಲಿಯಲ್ಲೇ ಬೆಳೆದ ನಮ್ಮ ಪಾದ ಮುಂಭಾಗದಲ್ಲಿ ಅಗಲ. ಎಷ್ಟೋ ಕಂಪನಿಗಳ ಹೆಂಗಸರ ಶೂ ಅಲ್ಲೇ ಕಿರಿದು. ನಂಬರು ಸರಿಯಿದ್ದರೂ ಬೆರಳು ಒದ್ದಾಡುತ್ತವೆ. ಮಗಳನ್ನು ನೋಡಲು ಬೆಂಗಳೂರಿಗೆ ಹೋಗುತ್ತೀರಲ್ಲ, ಒಂದು ಸಂಜೆ ಇದಕ್ಕೆಂದೇ ಇಟ್ಟುಕೊಳ್ಳಿ. ಡೆಕಾತ್ಲಾನ್‌ನ ದೊಡ್ಡ ಮಳಿಗೆಗಳಲ್ಲಿ ಕೆಚುವಾ ಎಂಬ ಅವರದೇ ಹೆಸರಿನ ಚಾರಣದ ಶೂಗಳು ಸಾಲಾಗಿ ಸಿಗುತ್ತವೆ, ಯಾರನ್ನೂ ಕೇಳದೆ ಹತ್ತು ಜೊತೆ ಹಾಕಿ ನೋಡಬಹುದು. ಬೆಂಗಳೂರಿನಲ್ಲೇ ಹುಟ್ಟಿದ ವೈಲ್ಡ್‌ಕ್ರಾಫ್ಟ್ ಅಂಗಡಿಗೂ ಒಮ್ಮೆ ಹೊಕ್ಕು ಹೋಲಿಸಿ. ಯಾವ ಕಂಪನಿ ಎನ್ನುವುದಕ್ಕಿಂತ ಯಾವ ಹೊತ್ತು ಎನ್ನುವುದು ಮುಖ್ಯ: ದಿನವಿಡೀ ಓಡಾಡಿದ ಪಾದ ಸಂಜೆಗೆ ತುಸು ಊದಿರುತ್ತದೆ, ಬೆಟ್ಟದಲ್ಲಿ ಇನ್ನೂ ಊದುತ್ತದೆ. ಚಾರಣಕ್ಕೆ ಹಾಕುವ ದಪ್ಪ ಕಾಲುಚೀಲವನ್ನೇ ಹಾಕಿಕೊಂಡು ಅಳತೆ ನೋಡಿ. ಲೇಸು ಕಟ್ಟುವ ಮುಂಚೆ ಪಾದವನ್ನು ಮುಂದಕ್ಕೆ ತಳ್ಳಿದರೆ ಹಿಮ್ಮಡಿಯ ಹಿಂದೆ ಒಂದು ಬೆರಳು ಇಳಿಯಬೇಕು. ಆಮೇಲೆ ಬಿಗಿಯಾಗಿ ಕಟ್ಟಿ ಮೆಟ್ಟಿಲೋ ಇಳಿಜಾರೋ ಹುಡುಕಿ ಇಳಿಯಿರಿ. ಹತ್ತುವಾಗ ಎಲ್ಲ ಶೂಗಳೂ ಸಾಧುವೇ, ಇಳಿಯುವಾಗ ಬಣ್ಣ ಬಯಲಾಗುತ್ತದೆ. ಬೆರಳ ತುದಿ ಮುಂದಕ್ಕೆ ಬಡಿದರೆ ಅರ್ಧ ನಂಬರು ಮೇಲಕ್ಕೆ ಹೋಗಿ. ಕಣಕಾಲು ಮುಚ್ಚುವ, ನೀರು ಒಳಗಿಳಿಯದ ಜೊತೆ ಇರಲಿ.

ಈ ಪಟ್ಟಿಗಳನ್ನು ಬರೆಯುವ ಹುಡುಗರಿಗೆ ಹೊಳೆಯದ ಒಂದು ಮಾತು: ಕಾಲುಂಗುರ. ಇಳಿಜಾರಿನಲ್ಲಿ ದಿನಕ್ಕೆ ನಾಲ್ಕೈದು ಗಂಟೆ ಬಿಗಿ ಶೂ ಒಳಗೆ ಅದು ಪಕ್ಕದ ಬೆರಳನ್ನು ಕುಯ್ಯುತ್ತದೆ. ಚಳಿಗೆ, ಎತ್ತರಕ್ಕೆ ಬೆರಳು ಊದಿಕೊಂಡರೆ ತೆಗೆಯಲೂ ಆಗುವುದಿಲ್ಲ. ತೆಗೆದಿಡಲು ಮನಸ್ಸು ಒಪ್ಪಿದರೆ ತೆಗೆದಿಡಿ. ಒಪ್ಪದಿದ್ದರೆ ಅಗಲವಾದ, ಕೆತ್ತನೆಯಿಲ್ಲದ ತೆಳು ಉಂಗುರಕ್ಕೆ ಬದಲಾಯಿಸಿ, ಮೇಲೆ ಔಷಧಿ ಅಂಗಡಿಯ ಬಟ್ಟೆ ಪಟ್ಟಿ ಸುತ್ತಿಕೊಳ್ಳಿ. ಏನೇ ಮಾಡಿದರೂ ಅಂಗಡಿಯಲ್ಲಿ ಶೂ ಹಾಕಿ ನೋಡುವಾಗ ಕಾಲು ಬೆಟ್ಟದ ಮೇಲೆ ಹೇಗಿರುತ್ತದೋ ಹಾಗೇ ಇರಲಿ.

ಇನ್ನು ಬಟ್ಟೆ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದಲೇ ಹೆಸರಾದ ಊರಿನವರಿಗೆ ಹತ್ತಿ ಬಟ್ಟೆ ಬೇಡ ಎನ್ನಲು ನನಗೆ ಸಂಕೋಚ, ಆದರೂ ಬೇಡ. ಬೆವರಿಗೆ ನೆಂದ ಹತ್ತಿ ಬೇಗ ಒಣಗುವುದಿಲ್ಲ, ನಿಂತ ಕೂಡಲೇ ಮೈ ತಣ್ಣಗಾಗಿಸುತ್ತದೆ. ಸಿಂಥೆಟಿಕ್ ಚೂಡಿದಾರ ಇದ್ದರೆ ಅದರ ಪ್ಯಾಂಟು ಕೂಡ ನಡೆಯುತ್ತದೆ, ಕಾಲಿಗೆ ತೊಡಕಾಗದಂತಿದ್ದರೆ ಸಾಕು. ಮೈಗಂಟುವ ಥರ್ಮಲ್ ಎರಡು ಜೊತೆ ನವೆಂಬರಿನಲ್ಲಿ ನಿಮ್ಮೂರಿನ ಒಳಉಡುಪಿನ ಅಂಗಡಿಯಲ್ಲೇ ಸಿಗುತ್ತದೆ. ಅದರ ಮೇಲಿನ ಉಣ್ಣೆಗೆ ಮಾಲ್ ಹತ್ತಬೇಕಿಲ್ಲ. 1960ರ ದಶಕದಲ್ಲಿ ಬೈಲಕುಪ್ಪೆ, ಮುಂಡಗೋಡಗಳಲ್ಲಿ ನೆಲೆನಿಂತ ಟಿಬೆಟನ್ನರು ಚಳಿಗಾಲದಲ್ಲಿ ಊರೂರಿಗೆ ಬಂದು ಸ್ವೆಟರ್ ಅಂಗಡಿ ಹಾಕುತ್ತಾರಲ್ಲ, ಅಲ್ಲಿಗೆ ಹೋಗಿ. ಸರಕು ಬಹುಪಾಲು ಲೂಧಿಯಾನದ್ದೇ, ಹಿಮಾಲಯದ್ದೆಂದು ಭಾವಿಸಿ ಹೆಚ್ಚು ಕೊಡಬೇಡಿ. ಆದರೆ ಚಳಿ ಎಂದರೇನೆಂದು ಬಲ್ಲ ಮನೆತನದ ಕೈ ಆರಿಸಿಕೊಟ್ಟಿದ್ದು ಎನ್ನುವ ಧೈರ್ಯ ಒಂದಿರುತ್ತದೆ. ನಾನು ಅಲ್ಲಿ ಕೊಂಡ ಟೋಪಿ ಈಗಲೂ ಇದೆ.

ಹಕ್ಕಿಯ ಮೆದುಗರಿ ತುಂಬಿದ ದಪ್ಪ ಡೌನ್ ಜಾಕೆಟ್ಟು, ಕೋಲು, ಹಿಮದಲ್ಲಿ ಕಾಲಿಗೆ ಸುತ್ತುವ ಗೇಟರ್ ಇವನ್ನು ಪಟ್ಟಿಯಿಂದ ಹೊಡೆದುಹಾಕಿ. ಚಾರಣ ಶುರುವಾಗುವ ಸಾಂಕ್ರಿ ಹಳ್ಳಿಯಲ್ಲಿ ಬಾಡಿಗೆ ಅಂಗಡಿಗಳಿವೆ, ಮಗಳು ಹಣ ಕಟ್ಟಿದ ಸಂಸ್ಥೆಯೂ ಕೊಡಬಹುದು. ಡೇರೆ, ಸ್ಲೀಪಿಂಗ್ ಬ್ಯಾಗು, ಹಿಮದಲ್ಲಿ ಜಾರದಂತೆ ಶೂಗೆ ತೊಡಿಸುವ ಮುಳ್ಳುಪಟ್ಟಿ ಸಾಮಾನ್ಯವಾಗಿ ಅವರದೇ. ಯಾವುದು ಅವರದು, ಯಾವುದಕ್ಕೆ ದಿನಬಾಡಿಗೆ ಎಷ್ಟು ಎಂದು ಮಗಳು ಇವತ್ತೇ ಫೋನು ಮಾಡಿ ಕೇಳಲಿ. ಆ ಒಂದು ಕರೆಗೇ ಪಟ್ಟಿಯ ಅರ್ಧ ಕರಗುತ್ತದೆ. ಬೆಲೆಬಾಳುವ ಡೌನ್ ಜಾಕೆಟ್ಟನ್ನು ದಾವಣಗೆರೆಗೆ ತಂದು ಏನು ಮಾಡುತ್ತೀರಿ? ನುಸಿಗುಳಿಗೆಗೆ ಜೊತೆಯಾಗಿ ಬೀರುವಿನಲ್ಲಿ ಕೂರುತ್ತದೆ ಅಷ್ಟೇ. ಬಾಡಿಗೆ ಜಾಕೆಟ್ಟು ಕೈಗೆ ಬಂದಾಗ ಜಿಪ್ಪು ಎರಡು ಸಲ ಎಳೆದು ನೋಡಿ, ಜೇಬಿಗೆ ಕೈ ಹಾಕಿ ತೂತಿದೆಯೇ ನೋಡಿ, ವಾಸನೆಯನ್ನೂ ನೋಡಿ. ಸ್ಲೀಪಿಂಗ್ ಬ್ಯಾಗನ್ನು ನಿಮಗಿಂತ ಮುಂಚೆ ಯಾರು ಹೊದ್ದಿದ್ದರೋ ಎಂಬ ಕಸಿವಿಸಿ ಇದ್ದರೆ ಮೆತ್ತಗಾದ ಹಳೆಯ ಸೀರೆಯನ್ನು ಎರಡಾಗಿ ಮಡಚಿ ಮೂರು ಬದಿ ಹೊಲಿಸಿಕೊಳ್ಳಿ, ಒಳಚೀಲವಾಯಿತು. ಸಾವಿರಾರು ರೂಪಾಯಿಗೆ ಮಾರುವುದೂ ಇದನ್ನೇ, ಬೇರೆ ಹೆಸರಿನಲ್ಲಿ. ಕೌದಿ ಹೊಲಿಯುವ ಸೀಮೆಯವರಿಗೆ ಇದನ್ನು ನಾನು ಹೇಳಿಕೊಡಬೇಕೆ.

ನಳಿಕೆಯಿಂದ ಹೀರುವ ನೀರಿನ ಚೀಲ ಪಟ್ಟಿಯಲ್ಲಿದ್ದರೆ ಅದನ್ನೂ ಹೊಡೆಯಿರಿ. ಡಿಸೆಂಬರಿನಲ್ಲಿ ಆ ನಳಿಕೆಯಲ್ಲಿ ನೀರು ಹೆಪ್ಪುಗಟ್ಟುತ್ತದೆ. ಮನೆಯ ಫ್ಲಾಸ್ಕು, ಜೊತೆಗೊಂದು ಸಾದಾ ಬಾಟಲಿ ಸಾಕು.

ಹೊಡೆಯಬಾರದ್ದು ಎರಡಿವೆ. ಒಂದು ಕಪ್ಪು ಕನ್ನಡಕ. ಹಿಮದ ಮೇಲಿನ ಬಿಸಿಲು ಕೆಳಗಿನಿಂದಲೂ ಕಣ್ಣಿಗೆ ಹೊಡೆಯುತ್ತದೆ, ಒಂದೇ ದಿನದಲ್ಲಿ ಕಣ್ಣು ಉರಿದು ತೆರೆಯಲಾಗದಂತೆ ಮಾಡುತ್ತದೆ. ಇದನ್ನು ನಿಮ್ಮ ಕನ್ನಡಕದ ಅಂಗಡಿಯಲ್ಲೇ, ಯುವಿ 400 ಎಂದು ಕೇಳಿ ಮಾಡಿಸಿಕೊಳ್ಳಿ. ರಸ್ತೆಬದಿಯ ಕಪ್ಪು ಗಾಜು ಬೇಡ. ಇನ್ನೊಂದು ತಲೆಗೆ ಕಟ್ಟುವ ಟಾರ್ಚು. 12,500 ಅಡಿಯ ಆ ನೆತ್ತಿಗೆ ಬೆಳಗಿನ ಜಾವದ ಕತ್ತಲಲ್ಲೇ ಹೊರಡಿಸುತ್ತಾರೆ, ಕೈ ಎರಡೂ ಕೋಲಿಗೆ ಬೇಕು. ಇದಕ್ಕೆ ಚಾರಣದ ಅಂಗಡಿಯೇ ಆಗಬೇಕೆಂದಿಲ್ಲ. ಸುಳ್ಯದ ಕಡೆ ನಸುಕಿಗೇ ತೋಟಕ್ಕಿಳಿದು ರಬ್ಬರ್ ಟ್ಯಾಪಿಂಗ್ ಮಾಡುವವರ ಹಣೆಯ ಮೇಲಿರುತ್ತದಲ್ಲ, ಅಂಥದ್ದು ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಚಳಿಗೆ ಬ್ಯಾಟರಿ ಬೇಗ ಕುಸಿಯುತ್ತದೆ. ರಾತ್ರಿ ಟಾರ್ಚನ್ನೂ ಫೋನನ್ನೂ ಮಗ್ಗುಲಲ್ಲೇ ಇಟ್ಟುಕೊಂಡು ಮಲಗಿ.

ಬ್ಯಾಗು ಮಗಳದ್ದೇ ಒಂದು ಇರುತ್ತದೆ, ಇಲ್ಲದಿದ್ದರೆ ಅವಳ ಸ್ನೇಹಿತರದ್ದು. ಸೊಂಟದ ಪಟ್ಟಿ ಇರಲೇಬೇಕು. ಆರು ಕೆಜಿ ಅಕ್ಕಿ ತುಂಬಿ ಬೆನ್ನಿಗೇರಿಸಿ ಮನೆಯಲ್ಲೇ ಓಡಾಡಿ. ಭಾರ ಸೊಂಟದ ಮೂಳೆಯ ಮೇಲೆ ಕೂರದೆ ಭುಜ ಎಳೆಯುತ್ತಿದ್ದರೆ ಆ ಬ್ಯಾಗು ನಿಮ್ಮದಲ್ಲ. ದೊಡ್ಡ ಬ್ಯಾಗನ್ನು ಹೇಸರಗತ್ತೆಗೆ ಹೊರಿಸುವ ವ್ಯವಸ್ಥೆ ಇದ್ದರೆ ದುಡ್ಡು ಕೊಟ್ಟು ಹೊರಿಸಿ. ಇದರಲ್ಲಿ ಮರ್ಯಾದೆಯ ಪ್ರಶ್ನೆ ಇಲ್ಲ.

ಬೆಳಗಾವಿಯಂಥ ದಂಡಿನ ಊರುಗಳಲ್ಲಿ ಮಿಲಿಟರಿ ಮಾದರಿಯ ಸಾಮಾನು ಅಗ್ಗಕ್ಕೆ, ಗಟ್ಟಿಯಾಗಿ ಸಿಗುತ್ತದೆಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಉಣ್ಣೆಯ ಕೈಗವಸು, ಟೋಪಿಗೆ ಸರಿ. ಚುಕ್ಕೆ ಚುಕ್ಕೆಯ ಸೈನ್ಯದ ಬಟ್ಟೆ ಮಾತ್ರ ಬೇಡ. ಸೇನೆ 2022ರಲ್ಲಿ ಹೊಸ ಸಮವಸ್ತ್ರ ತಂದು ಅದರ ವಿನ್ಯಾಸವನ್ನು ತನ್ನ ಹೆಸರಿಗೆ ನೋಂದಾಯಿಸಿಕೊಂಡಿದೆ. ತನಿಖಾ ಠಾಣೆಯಲ್ಲಿ ಅದನ್ನು ವಿವರಿಸುತ್ತ ನಿಲ್ಲುವುದಕ್ಕೆ ನೀವು ಅಷ್ಟು ದೂರ ಹೋಗಬೇಕಿಲ್ಲ.

ಅಂಗಡಿಯ ಹುಡುಗರ ನಗುವಿಗೆ ಬರುತ್ತೇನೆ. ನಾನು ಕಂಡಂತೆ ಅವರಿಗೆ ನಗಲು ಪುರುಸೊತ್ತಿಲ್ಲ. ‘ಟ್ರೆಕ್ಕಿಂಗ್ ಶೂ ತೋರಿಸಿ’ ಎಂದರೆ ಮಾತ್ರ ಅತಿ ದುಬಾರಿಯದು ಮೊದಲು ಬರುತ್ತದೆ. ‘ಡಿಸೆಂಬರು, ಹಿಮ, ನಾಲ್ಕೈದು ದಿನ, ನನ್ನ ಪಾದ ಅಗಲ’ ಎಂದು ಒಂದೇ ಉಸಿರಿಗೆ ಹೇಳಿ ನೋಡಿ, ಎದುರಿಗಿರುವವನ ಧಾಟಿ ಬದಲಾಗುತ್ತದೆ. ಬ್ಯಾಂಕಿನ ಕೌಂಟರಿನಾಚೆ ಕೂತು ಮೂವತ್ತು ವರ್ಷ ಗಿರಾಕಿಗಳನ್ನು ಕಂಡವರು ನೀವು. ಏನು ಬೇಕೆಂದು ಗೊತ್ತಿರುವ ಗಿರಾಕಿಗೆ ಯಾರೂ ನಗುವುದಿಲ್ಲ ಎಂಬುದು ನಿಮಗೇ ಗೊತ್ತು.

ನಿಮ್ಮ ಮನೆಯವರ ಮಾತಿನಲ್ಲಿ ಚುಚ್ಚು ಇದೆ ನಿಜ, ಆದರೆ ಪಟ್ಟಿಯ ಬಗ್ಗೆ ಅವರು ಹೇಳಿದ್ದು ತಪ್ಪಲ್ಲ. ಹೊಡೆದುಹಾಕಿದ ಪಟ್ಟಿಯನ್ನು ಅವರಿಗೂ ತೋರಿಸಿ. ಮಗಳ ಮೇಲೂ ಸಿಟ್ಟಾಗಬೇಡಿ. ಅಮ್ಮನನ್ನು ಹಿಮಕ್ಕೆ ಕರೆದೊಯ್ಯುವ ಹೆದರಿಕೆಯನ್ನು ಅವಳು ಸಾಮಾನು ಕೊಂಡು ಕಳೆದುಕೊಳ್ಳುತ್ತಿದ್ದಾಳೆ. ಅವಳಿಗೆ ಬೇರೆ ಕೆಲಸ ಕೊಡಿ: ಸಾಂಕ್ರಿಗೆ ಫೋನು ಮಾಡುವುದು, ಅಂಗಡಿಯಲ್ಲಿ ನಿಮ್ಮ ಪಕ್ಕ ಕೂತು ಲೇಸು ಕಟ್ಟುವುದು.

ಶೂ ಅಕ್ಟೋಬರ್ ಮುಗಿಯುವ ಮುಂಚೆ ಮನೆಗೆ ಬರಲಿ. ಮೊದಲ ವಾರ ಮನೆಯೊಳಗೆ, ಆಮೇಲೆ ಬ್ಯಾಂಕಿಗೂ ಹಾಕಿಕೊಂಡು ಹೋಗಿ, ಯಾರಾದರೂ ಕೇಳಿದರೆ ಹೇಳಿ. ನವೆಂಬರಿನ ಎರಡು ಭಾನುವಾರ ಚಿತ್ರದುರ್ಗದ ಕೋಟೆಗೆ ಬಸ್ಸು ಹತ್ತಿ, ಆ ಅಕ್ಕಿಯ ಬ್ಯಾಗನ್ನೂ ಹೊತ್ತು ಮೇಲಿನವರೆಗೆ ಹೋಗಿ ಇಳಿದು ಬನ್ನಿ. ಹಿಮ್ಮಡಿಯಲ್ಲಿ ಬೊಬ್ಬೆ ಬಂದರೆ ಅಲ್ಲೇ ಬರಲಿ, ಸಂಜೆಗೆ ಮನೆ ಸೇರಬಹುದು. ಅಂಗಡಿಯ ರಸೀದಿ ಮಾತ್ರ ಡಿಸೆಂಬರಿನವರೆಗೂ ಪರ್ಸಿನಲ್ಲಿರಲಿ.