ಹುರಿಯುವುದನ್ನು ಮೊದಲು ಕಲಿಯೋಣ

ಗೋಕಾಕ ಎಂದರೆ ಹೊರಗಿನವರಿಗೆ ಕರದಂಟು ನೆನಪಾಗುತ್ತದೆ. ಇದೇ ತಾಲೂಕಿನ ಅಂಕಲಗಿಯ ಮನೆಗಳಲ್ಲಿ ನಿತ್ಯದ ಊಟವೆಂದರೆ ಜೋಳದ ರೊಟ್ಟಿ, ಪಲ್ಯ, ಹಿಂಡಿ. ಈ ಕಡೆ ಚಟ್ನಿಪುಡಿಗೆ ಹಿಂಡಿ ಎನ್ನುತ್ತಾರೆ. ಈಗಷ್ಟೇ ಒಲೆಯ ಮುಂದೆ ನಿಂತವರು ಬದನೆಕಾಯಿ ಎಣಗಾಯಿಯೊಂದನ್ನು ಚೆನ್ನಾಗಿ ಕಲಿತುಕೊಳ್ಳಿ. ಉಳಿದ ಅಡುಗೆಗಳು ಅದರ ಬೆನ್ನಿಗೇ ಬರುತ್ತವೆ.

ಮೊದಲ ಪಾಠ ಹುರಿಯುವುದು. 8 ಎಳೆಯ ಬದನೆಕಾಯಿಗೆ ಅರ್ಧ ಬಟ್ಟಲು ಶೇಂಗಾ, 2 ಚಮಚ ಗುರೆಳ್ಳು, 1 ಚಮಚ ಬಿಳಿ ಎಳ್ಳು, 2 ಚಮಚ ಒಣಕೊಬ್ಬರಿ ತುರಿ ಬೇಕು. ಇವನ್ನು ಒಟ್ಟಿಗೆ ಹಾಕಬೇಡಿ. ಶೇಂಗಾ ಒಳಗಿನವರೆಗೆ ಹುರಿಯಲು ಹೊತ್ತು ಬೇಕು. ಅಷ್ಟರಲ್ಲಿ ಎಳ್ಳು ಕರಕಾಗುತ್ತದೆ. ಸಣ್ಣ ಉರಿಯಲ್ಲಿ ಶೇಂಗಾ ಕೈಯಾಡಿಸಿ. ಒಂದು ಕಾಳನ್ನು ಆರಿಸಿ ಬೆರಳಲ್ಲಿ ಉಜ್ಜಿದಾಗ ಸಿಪ್ಪೆ ತಾನಾಗಿ ಬಿಟ್ಟರೆ ಸಾಕು. ಗುರೆಳ್ಳು ಕಪ್ಪಗಿರುವುದರಿಂದ ಬಣ್ಣ ನೋಡಿ ತಿಳಿಯಲಾಗದು. ಕಿವಿಗೊಡಿ: ಚಟಪಟ ಸದ್ದಿನ ಜೊತೆ ಘಮ ಬಂದ ಕೂಡಲೇ ಇಳಿಸಿ. ಹೆಚ್ಚಾದರೆ ಕಹಿ.

ಎಲ್ಲ ಆರಿದ ಮೇಲೆ ತರಿತರಿಯಾಗಿ ಪುಡಿ ಮಾಡಿ. ಸಣ್ಣಗೆ ಹೆಚ್ಚಿದ ಈರುಳ್ಳಿ, ಕೊತ್ತಂಬರಿ, ಉಪ್ಪು, ಮಸಾಲೆ ಖಾರ, ಹುಣಸೆರಸ, ಚೂರು ಬೆಲ್ಲ ಬೆರೆಸಿದರೆ ಹೂರಣ ಸಿದ್ಧ. ಕೆಂಪು ಬಣ್ಣ ಬೇಕು, ಖಾರ ಕಡಿಮೆ ಇರಲಿ ಎನ್ನುವವರು ಬ್ಯಾಡಗಿ ಮೆಣಸಿನಕಾಯಿಯ ಪುಡಿ ಹಾಕಿ.

ಬದನೆಕಾಯಿಯ ತೊಟ್ಟು ತೆಗೆಯಬೇಡಿ. ಕಾಯನ್ನು ಹಿಡಿದಿಡುವುದು ಅದೇ. ತುದಿಯಿಂದ ತೊಟ್ಟಿನ ಹತ್ತಿರದವರೆಗೆ ನಾಲ್ಕು ಸೀಳು ಮಾಡಿ ಉಪ್ಪುನೀರಿಗೆ ಹಾಕಿ. ಗಾಳಿ ತಾಗಿದರೆ ಸೀಳಿದ ಭಾಗ ಕಪ್ಪಾಗುತ್ತದೆ. ಹೂರಣ ತುಂಬಿ. 4 ಚಮಚ ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಕರಿಬೇವು ಸಿಡಿಸಿ, ಕಾಯಿಗಳನ್ನು ಒಂದರ ಪಕ್ಕ ಒಂದು ಇಡಿ. ಎಣ್ಣೆಗೆ ಕೈ ಹಿಡಿಯಬೇಡಿ, ಎಣಗಾಯಿ (ಎಣ್ಣೆಗಾಯಿ) ಎಂಬ ಹೆಸರಿನಲ್ಲೇ ಅದು ಇದೆ.

ಇನ್ನು ಮುಚ್ಚಳ. ತಾಟೊಂದನ್ನು ಮುಚ್ಚಿ ಅದರಲ್ಲಿ ನೀರು ಹಾಕಿ. ಒಳಗಿನ ಹಬೆ ತಾಟಿನ ಅಡಿಗೆ ತಾಗಿ ಹನಿಯಾಗಿ ಮತ್ತೆ ಪಲ್ಯಕ್ಕೇ ಬೀಳುತ್ತದೆ. ತಳ ಹಿಡಿಯುವಂತಿದ್ದರೆ ತಾಟಿನ ಬಿಸಿನೀರನ್ನೇ ಸ್ವಲ್ಪ ಸುರಿಯಿರಿ. ತಣ್ಣೀರು ಹಾಕಿದರೆ ಬೇಯುವುದು ನಿಧಾನವಾಗುತ್ತದೆ. ಸುಮಾರು 20 ನಿಮಿಷಕ್ಕೆ ಅಂಚಿನಲ್ಲಿ ಕೆಂಪೆಣ್ಣೆ ತೇಲುತ್ತದೆ. ತೊಟ್ಟಿನ ಬುಡ ಒತ್ತಿ ನೋಡಿ, ಮೆತ್ತಗಿದ್ದರೆ ಇಳಿಸಿ.

ಇದು ಕೈಗೆ ಕೂತ ಮೇಲೆ ಝುಣಕ ಮಾಡಿ. ಕಡಲೆಹಿಟ್ಟನ್ನು ಗಂಟಿಲ್ಲದಂತೆ ನೀರಿನಲ್ಲಿ ಕಲಸಿ, ಬೆಳ್ಳುಳ್ಳಿ ಈರುಳ್ಳಿಯ ಒಗ್ಗರಣೆಗೆ ಸುರಿದು, ಹಸಿ ವಾಸನೆ ಹೋಗುವವರೆಗೆ ತಿರುವುತ್ತಿರಿ. ಹೀರೇಕಾಯಿ, ಹಾಗಲಕಾಯಿಗಳಿಗೂ ಎಣಗಾಯಿಯ ಹೂರಣವೇ ಒಗ್ಗುತ್ತದೆ.

ಶೇಂಗಾ ಹುರಿಯುವ ದಿನ ಎರಡು ಬಟ್ಟಲು ಹೆಚ್ಚಿಗೆ ಹುರಿದುಕೊಳ್ಳಿ. ಬೆಳ್ಳುಳ್ಳಿ, ಜೀರಿಗೆ, ಖಾರ, ಉಪ್ಪು ಸೇರಿಸಿ ಕುಟ್ಟಿದರೆ ಶೇಂಗಾ ಹಿಂಡಿ. ಪಲ್ಯ ಮಾಡಲು ಹೊತ್ತಿಲ್ಲದ ದಿನವೂ ರೊಟ್ಟಿಯ ಮೇಲೆ ಹಿಂಡಿ, ಗಟ್ಟಿ ಮೊಸರು ಹಾಕಿಕೊಂಡರೆ ಊಟ ನಡೆದುಹೋಗುತ್ತದೆ.