ಜ್ವರ ಬಿಟ್ಟ ಮೇಲೂ ಎದೆಯ ಕಡೆ ಗಮನವಿರಲಿ

ಫ್ಲೂ ಜ್ವರ ಇಳಿದು, ಬಾಯಿಗೆ ರುಚಿ ಬಂದು, ನಾಳೆಯಿಂದ ಕೆಲಸಕ್ಕೆ ಹೋಗೋಣ ಎಂದುಕೊಳ್ಳುವಷ್ಟರಲ್ಲಿ ಮತ್ತೆ ಚಳಿ ಹಿಡಿದು ಜ್ವರ ಏರಿತೇ? ಕಷಾಯ ಕುಡಿದು ಮಲಗಿಬಿಡಬೇಡಿ. ವೈರಸ್ಸು ಶ್ವಾಸನಾಳದ ಒಳಪದರವನ್ನು ಹಾಳು ಮಾಡಿರುತ್ತದೆ. ಕಫವನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳು ಸೋತಿರುತ್ತವೆ. ಮೂಗು ಗಂಟಲಲ್ಲಿ ತಣ್ಣಗಿದ್ದ ಬ್ಯಾಕ್ಟೀರಿಯಾಗಳು ಆಗ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ತರಬಹುದು. 1918ರ ಫ್ಲೂ ಮಹಾಮಾರಿಯಲ್ಲಿ ಸತ್ತವರ ಪೈಕಿ ಹೆಚ್ಚಿನವರನ್ನು ಬಲಿ ತೆಗೆದುಕೊಂಡದ್ದು ಹೀಗೆ ಬೆನ್ನಿಗೇ ಬಂದ ನ್ಯುಮೋನಿಯಾವೇ.

ಒಣಕೆಮ್ಮು ಎರಡು ಮೂರು ವಾರ ಉಳಿದರೆ ಗಾಬರಿ ಬೇಡ, ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದ್ದರೆ ಸಾಕು. ಆದರೆ ಉಸಿರೆಳೆದಾಗ ಪಕ್ಕೆ ಚುಚ್ಚಿದರೆ, ಕಫದಲ್ಲಿ ರಕ್ತ ಕಂಡರೆ, ಒಂದು ವಾಕ್ಯ ಮುಗಿಸುವಷ್ಟರಲ್ಲಿ ಏದುಸಿರು ಬಂದರೆ ಅವತ್ತೇ ವೈದ್ಯರನ್ನು ಕಾಣಿ. ವಯಸ್ಸಾದವರಲ್ಲಿ ಜ್ವರವೇ ಬರದಿರಬಹುದು. ಅಜ್ಜ ಊಟ ಬೇಡವೆಂದು ಮಂಕಾಗಿ ಕೂತರೆ, ಅಸಂಬದ್ಧವಾಗಿ ಮಾತಾಡಿದರೆ ಅದೂ ಎಚ್ಚರಿಕೆಯೇ.

ಮನೆಯಲ್ಲಿ ಆಕ್ಸಿಮೀಟರ್ ಇದ್ದರೆ ಉಗುರುಬಣ್ಣ ತೆಗೆದು, ಬೆರಳು ಬೆಚ್ಚಗೆ ಮಾಡಿಕೊಂಡು, ಐದು ನಿಮಿಷ ಸುಮ್ಮನೆ ಕೂತು ನೋಡಿ. ಬೇರೆ ಕಾಯಿಲೆ ಇಲ್ಲದವರಲ್ಲೂ ಆಮ್ಲಜನಕದ ಅಂಕಿ 94ಕ್ಕಿಂತ ಕೆಳಗೇ ನಿಂತರೆ ತಡ ಮಾಡಬೇಡಿ. ಹಿಂದೆ ಉಳಿದ ಆ್ಯಂಟಿಬಯೋಟಿಕ್ ಮಾತ್ರೆಗಳನ್ನು ನೀವೇ ನುಂಗಬೇಡಿ. ಬೀಡಿ, ಸಿಗರೇಟು ದೂರವಿರಲಿ. ಆಸ್ತಮಾ, ಸಕ್ಕರೆ ಕಾಯಿಲೆ, ಹೃದ್ರೋಗ ಇರುವವರೂ ಹಿರಿಯರೂ ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸಿಕೊಳ್ಳಿ. ನ್ಯುಮೋನಿಯಾ ಲಸಿಕೆಯ ಬಗ್ಗೆಯೂ ವೈದ್ಯರನ್ನು ಕೇಳಿ.