ಗರ್ಭಕೋಶ ತೆಗೆಸಿದ ಮೇಲೆ ಮರೆವು: ಮೊದಲು ಆ ಕಾಗದ ಹುಡುಕಿ

ನಮ್ಮಕ್ಕನಿಗೆ ನಲವತ್ತೊಂದನೆಯ ವಯಸ್ಸಿಗೆ ಗರ್ಭಕೋಶ ತೆಗೆದರು. ಆರು ತಿಂಗಳು ಕಳೆಯುವಷ್ಟರಲ್ಲಿ ಕುಕ್ಕರ್ ಎಷ್ಟು ಸಲ ಕೂಗಿತೆಂಬುದು ಅವಳಿಗೆ ಲೆಕ್ಕ ಸಿಗುತ್ತಿರಲಿಲ್ಲ. ಗೃಹಪ್ರವೇಶವೊಂದರಲ್ಲಿ ಸ್ವಂತ ನಾದಿನಿಯ ಹೆಸರು ನಾಲಿಗೆಗೆ ಬಾರದೆ ಕಣ್ಣೀರು ಹಾಕಿದಳು. ರಾತ್ರಿ ಎರಡಕ್ಕೆ ಮೈಯೆಲ್ಲ ಬೆವರಿ ಎದ್ದು ಕೂರುತ್ತಿದ್ದಳು. ‘ಬೆನ್ನಿಗೆ ಇಂಜೆಕ್ಷನ್ ಕೊಟ್ಟರಲ್ಲ, ಅದರದ್ದೇ ಕಾಟ’ ಎಂದರು ಮನೆಯವರು. ಅಕ್ಕ ಮಾತ್ರ ತನಗೆ ಬುದ್ಧಿ ಕೆಡುತ್ತಿದೆ ಎಂದು ಒಳಗೊಳಗೇ ಹೆದರಿಕೊಂಡಿದ್ದಳು. ಒಂದೂವರೆ ವರ್ಷದ ಮೇಲೆ ಬೇರೊಬ್ಬ ವೈದ್ಯೆ ಹಳೆಯ ಡಿಸ್ಚಾರ್ಜ್ ಸಮ್ಮರಿ ಓದಿ, ‘ಅಂಡಾಶಯ ಎರಡನ್ನೂ ತೆಗೆದಿದ್ದಾರಲ್ಲಮ್ಮ, ನಿಮಗೆ ಯಾರೂ ಹೇಳಲಿಲ್ಲವೇ?’ ಎಂದು ಕೇಳಿದರು. ಯಾರೂ ಹೇಳಿರಲಿಲ್ಲ.

ಆ ಒಂದೂವರೆ ವರ್ಷದಲ್ಲಿ ನಾವು ಮಾಡಬೇಕಿದ್ದ ಕೆಲಸಗಳನ್ನು ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ.

ಹಂತ 1: ಏನೇನು ತೆಗೆದಿದ್ದಾರೆ ಎಂದು ತಿಳಿದುಕೊಳ್ಳಿ

‘ಗರ್ಭಚೀಲ ತೆಗೆಸಿದೆವು’ ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ಶಸ್ತ್ರಚಿಕಿತ್ಸೆಗಳು ಅಡಗಿರುತ್ತವೆ. ಗರ್ಭಕೋಶ ಮಾತ್ರ ತೆಗೆದು ಅಂಡಾಶಯ ಉಳಿಸಿದ್ದರೆ ಮುಟ್ಟು ನಿಲ್ಲುತ್ತದೆ, ಆದರೆ ಈಸ್ಟ್ರೋಜನ್ ಹಾರ್ಮೋನ್ ತಯಾರಾಗುತ್ತಲೇ ಇರುತ್ತದೆ. ಕೆಲವರಲ್ಲಿ ಮಾತ್ರ ಅಂಡಾಶಯದ ಕೆಲಸ ಒಂದೆರಡು ವರ್ಷ ಬೇಗ ಕುಂದುತ್ತದೆ. ಎರಡೂ ಅಂಡಾಶಯ ತೆಗೆದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವಾಗ ವರ್ಷಗಟ್ಟಲೆ ಇಳಿಯುವ ಈಸ್ಟ್ರೋಜನ್ ಕೆಲವೇ ದಿನಗಳಲ್ಲಿ ಕುಸಿಯುತ್ತದೆ. ಮಿದುಳಿನಲ್ಲಿ ನೆನಪನ್ನು ಕೂಡಿಡುವ ಹಿಪ್ಪೊಕ್ಯಾಂಪಸ್ ಎಂಬ ಭಾಗವೂ ಈ ಹಾರ್ಮೋನಿಗೆ ಸ್ಪಂದಿಸುತ್ತದೆ. ಹೆಸರು, ಪದ ಥಟ್ಟನೆ ಸಿಗದಿರುವುದಕ್ಕೆ ಅದೂ ಒಂದು ಕಾರಣ.

ಡಿಸ್ಚಾರ್ಜ್ ಸಮ್ಮರಿಯಲ್ಲಿ ಆಪರೇಶನ್ ಹೆಸರಿನ ಮುಂದೆ ‘ಬಿಎಸ್‌ಒ’ ಎಂಬ ಮೂರಕ್ಷರ ಇದ್ದರೆ ಎರಡೂ ಅಂಡಾಶಯ, ಎರಡೂ ಅಂಡನಾಳ ಹೋಗಿವೆ. ‘ಬಿಎಸ್’ ಎಂದಷ್ಟೇ ಇದ್ದರೆ ಸಾಮಾನ್ಯವಾಗಿ ನಾಳ ಮಾತ್ರ ತೆಗೆದಿದ್ದಾರೆ ಎಂದರ್ಥ. ಖಚಿತಪಡಿಸಿಕೊಳ್ಳಲು ವೈದ್ಯರಿಗೇ ತೋರಿಸಿ. ಕಾಗದ ಕಳೆದಿದ್ದರೆ ಬಯಾಪ್ಸಿ ರಿಪೋರ್ಟ್ ಹುಡುಕಿ, ಪರೀಕ್ಷೆಗೆ ಕಳಿಸಿದ ಅಂಗಗಳ ಪಟ್ಟಿ ಅದರಲ್ಲಿರುತ್ತದೆ. ಅದೂ ಇಲ್ಲದಿದ್ದರೆ ಆಸ್ಪತ್ರೆಗೆ ಲಿಖಿತ ಅರ್ಜಿ ಕೊಡಿ. ವೈದ್ಯಕೀಯ ಮಂಡಳಿಯ 2002ರ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಯನ್ನು 3 ವರ್ಷ ಇಟ್ಟುಕೊಂಡಿರಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಕೇಳಲು ಸಂಕೋಚ ಬೇಡ, ಅದು ನಿಮ್ಮ ಒಡಲಿನ ಕಾಗದ. ಬೇಡದ ಗರ್ಭಕೋಶ ಆಪರೇಶನ್‌ಗಳ ವಿರುದ್ಧ ನಮ್ಮ ಕಲಬುರಗಿಯ ತಾಂಡಾಗಳ ಹೆಣ್ಣುಮಕ್ಕಳು ಬೀದಿಗಿಳಿದಿದ್ದರು. 2023ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇಂಥ ಆಪರೇಶನ್ ತಡೆಯುವ ಮಾರ್ಗಸೂಚಿಯನ್ನು ಜಾರಿಗೆ ತರುವಂತೆ ರಾಜ್ಯಗಳಿಗೆ ಹೇಳಿತು. ಅಷ್ಟೆಲ್ಲ ಆದ ಮೇಲೂ, ಏನು ತೆಗೆದರು ಎಂದು ತಿಳಿಯದೆ ಮನೆಗೆ ಬರುವ ಹೆಂಗಸರು ಇದ್ದಾರೆ ಎಂಬುದು ನನಗೆ ಸಹಿಸಲಾಗದ ಸಂಕಟ.

ಹಂತ 2: ಹದಿನೈದು ದಿನ ಬರೆದಿಡಿ

ಮಕ್ಕಳ ಹಳೆಯ ನೋಟ್‌ಬುಕ್ ಸಾಕು. ರಾತ್ರಿ ಎಷ್ಟು ಸಲ ಎಚ್ಚರವಾಯಿತು, ಸೆಕೆ ಏರಿ ಬೆವರಿದ್ದು ಎಷ್ಟು ಸಲ, ಏನು ಮರೆತಿರಿ, ಮನಸ್ಸು ಹೇಗಿತ್ತು, ಇಷ್ಟನ್ನೇ ದಿನಕ್ಕೆರಡು ಸಾಲು ಬರೆಯಿರಿ. ಅಕ್ಕನ ಪುಸ್ತಕ ತಿರುವಿದಾಗ ನಮಗೇ ಕಂಡಿತು: ಬೆವರಿ ನಿದ್ದೆಗೆಟ್ಟ ರಾತ್ರಿಯ ಮರುದಿನವೇ ಮರೆವು ಹೆಚ್ಚು. ವೈದ್ಯರ ಮುಂದೆ ಕೂತಾಗ ಹೇಳಬೇಕಾದ್ದೇ ಮರೆತುಹೋಗುತ್ತದಲ್ಲ, ಆಗಲೂ ಈ ಪುಸ್ತಕ ನೆರವಿಗೆ ಬರುತ್ತದೆ.

ಹಂತ 3: ಬೇರೆ ಕಾರಣಗಳನ್ನು ಪರೀಕ್ಷಿಸಿಕೊಳ್ಳಿ

ಎಲ್ಲವನ್ನೂ ಹಾರ್ಮೋನಿನ ತಲೆಗೆ ಕಟ್ಟಬೇಡಿ. ಥೈರಾಯ್ಡ್ ಕುಂದಿದರೂ ಮರೆವು, ಜಡತನ ಬರುತ್ತದೆ. ಬಿ12 ಕೊರತೆಯಾದರೂ ಹೀಗೇ. ಮಾಂಸ, ಮೊಟ್ಟೆ ತಿನ್ನದವರಲ್ಲಿ, ಸಕ್ಕರೆ ಕಾಯಿಲೆಗೆ ಬಹುಕಾಲ ಮೆಟ್‌ಫಾರ್ಮಿನ್ ನುಂಗಿದವರಲ್ಲಿ ಈ ಕೊರತೆ ಸಾಮಾನ್ಯ. ಇನ್ನು ರಕ್ತಹೀನತೆ. ಗರ್ಭಕೋಶ ತೆಗೆಸಿದವರಲ್ಲಿ ಅನೇಕರು ಅದಕ್ಕೆ ಮೊದಲು ವರ್ಷಗಟ್ಟಲೆ ಅತಿಯಾದ ಸ್ರಾವ ಅನುಭವಿಸಿದವರು. ಆಪರೇಶನ್ ಆದ ಮೇಲೆ ಸ್ರಾವ ನಿಂತರೂ, ಬರಿದಾದ ಕಬ್ಬಿಣಾಂಶ ತಾನಾಗಿ ಬೇಗ ತುಂಬುವುದಿಲ್ಲ. ಟಿಎಸ್‌ಎಚ್, ಬಿ12, ಹಿಮೋಗ್ಲೋಬಿನ್, ಫೆರಿಟಿನ್, ಸಕ್ಕರೆ, ವಿಟಮಿನ್ ಡಿ, ಇವುಗಳಲ್ಲಿ ಯಾವ್ಯಾವುದು ಬೇಕೆಂದು ವೈದ್ಯರನ್ನು ಕೇಳಿ. ಅಂಡಾಶಯ ಉಳಿದಿದ್ದು ಅದು ಕೆಲಸ ಮಾಡುತ್ತಿದೆಯೇ ಎಂಬ ಅನುಮಾನವಿದ್ದರೆ ಎಫ್‌ಎಸ್‌ಎಚ್ ಪರೀಕ್ಷೆಯಿಂದ ಸುಳಿವು ಸಿಗಬಹುದು.

ಮನೆಯಲ್ಲಿ ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ನೆಗಡಿಗೆ ಕೊಡುವ ಕ್ಲೋರ್‌ಫೆನಿರಮೈನ್, ಮೂತ್ರ ತಡೆಯಲಾಗದ್ದಕ್ಕೆ ಕೊಡುವ ಆಕ್ಸಿಬ್ಯುಟಿನಿನ್, ನಿದ್ದೆಗೆ ಕೊಡುವ ಆಲ್ಪ್ರಾಜೋಲಾಮ್, ಮೂರೂ ತಲೆಗೆ ಮಂಪರು ಕವಿಸುವಂಥವು. ಆದರೆ ನಿದ್ದೆ ಮಾತ್ರೆಯನ್ನು ನೀವಾಗಿ ಒಮ್ಮೆಲೇ ನಿಲ್ಲಿಸಬೇಡಿ, ಅಪಾಯ.

ಹಂತ 4: ಹಾರ್ಮೋನ್ ಚಿಕಿತ್ಸೆಯ ಬಗ್ಗೆ ನೇರವಾಗಿ ಕೇಳಿ

ಹಾರ್ಮೋನ್ ಎಂದರೆ ಕ್ಯಾನ್ಸರ್ ಎಂಬ ಭಯ ಹೆಚ್ಚಾಗಿ ಹುಟ್ಟಿದ್ದು 2002ರಲ್ಲಿ, ಅಮೆರಿಕದ ದೊಡ್ಡ ಅಧ್ಯಯನವೊಂದರ ಒಂದು ಭಾಗವನ್ನು ಅರ್ಧಕ್ಕೆ ನಿಲ್ಲಿಸಿದಾಗ. ಆ ಭಾಗದಲ್ಲಿದ್ದವರು ಗರ್ಭಕೋಶ ಇದ್ದವರು, ಎರಡು ಹಾರ್ಮೋನ್ ಸೇರಿಸಿ ನುಂಗಿದವರು, ಸರಾಸರಿ 63 ವಯಸ್ಸಿನವರು. ಗರ್ಭಕೋಶ ತೆಗೆಸಿ ಈಸ್ಟ್ರೋಜನ್ ಒಂದನ್ನೇ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಾಗಲಿಲ್ಲ, ಪಾರ್ಶ್ವವಾಯುವಿನ ಅಪಾಯ ಸ್ವಲ್ಪ ಹೆಚ್ಚಿತು. ನಲವತ್ತರ ಹೆಣ್ಣಿನ ಲೆಕ್ಕ ಬೇರೆ. ಚಿಕ್ಕ ವಯಸ್ಸಿಗೇ ಎರಡೂ ಅಂಡಾಶಯ ಕಳೆದುಕೊಂಡವರಿಗೆ, ಅಡ್ಡಿಯಿಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಈಸ್ಟ್ರೋಜನ್ ಕೊಡುವುದು ಇಂದು ಒಪ್ಪಿತ ಕ್ರಮ. ಎಲುಬು, ಹೃದಯ ಎರಡಕ್ಕೂ ಅದು ಬೇಕು. ಗರ್ಭಕೋಶ ಇಲ್ಲದ್ದರಿಂದ ಪ್ರೊಜೆಸ್ಟರಾನ್ ಎಂಬ ಎರಡನೆಯ ಹಾರ್ಮೋನ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಎಂಡೊಮೆಟ್ರಿಯೋಸಿಸ್ ಇದ್ದವರ ಸಂಗತಿಯನ್ನು ವೈದ್ಯರು ಬೇರೆಯಾಗಿ ನೋಡುತ್ತಾರೆ.

ನಿಮಗೆ ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟಿದ್ದು, ಪಾರ್ಶ್ವವಾಯು, ಯಕೃತ್ತಿನ ತೊಂದರೆ ಯಾವುದಾದರೂ ಆಗಿದ್ದರೆ ಮೊದಲೇ ಹೇಳಿ. ಮಾತ್ರೆಯ ಬದಲು ಚರ್ಮಕ್ಕೆ ಹಚ್ಚುವ ಜೆಲ್ ಆಗುತ್ತದೆಯೇ ಎಂದೂ ಕೇಳಿ, ಅದರಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಕಡಿಮೆ. ಹಾರ್ಮೋನ್ ಆಗದವರಿಗೆ ಸೆಕೆ ತಗ್ಗಿಸುವ ಬೇರೆ ಮಾತ್ರೆಗಳೂ ಇವೆ. ಒಂದು ಮಾತು ಸ್ಪಷ್ಟವಿರಲಿ, ಈ ಹಾರ್ಮೋನ್ ನೆನಪಿನ ಮಾತ್ರೆ ಅಲ್ಲ. ಸೆಕೆ ಇಳಿದರೆ ನಿದ್ದೆ ಹತ್ತುತ್ತದೆ, ನಿದ್ದೆಯಾದರೆ ತಲೆ ಎಷ್ಟೋ ತಿಳಿಯಾಗುತ್ತದೆ. ಹಾರ್ಮೋನ್ ಅಂಗಡಿಯಿಂದ ನೀವೇ ತಂದು ನುಂಗುವ ವಸ್ತುವೂ ಅಲ್ಲ.

ಹಂತ 5: ಮನೆಯಲ್ಲಿ ಮರೆವಿಗೆ ಜಾಗ ಮಾಡಿಕೊಡಿ

ಬೀಗದ ಕೈ, ಕನ್ನಡಕ, ಫೋನು ಮೂರಕ್ಕೂ ಒಂದೇ ತಟ್ಟೆ. ಒಲೆ ಹಚ್ಚಿದೊಡನೆ ಫೋನಿನಲ್ಲಿ ಅಲಾರಂ. ಮಾತ್ರೆಗೆ ವಾರದ ಏಳು ಗೂಡಿನ ಡಬ್ಬಿ. ಸಾರಿಗೆ ಉಪ್ಪು ಹಾಕಿದ ಮೇಲೆ ಉಪ್ಪಿನ ಡಬ್ಬಿಯನ್ನು ಒಲೆಯ ಬಲಕ್ಕೆ ಸರಿಸಿಡುವುದು ಅಕ್ಕನೇ ಕಂಡುಕೊಂಡ ಉಪಾಯ. ಡಬ್ಬಿ ಬಲಕ್ಕಿದ್ದರೆ ಉಪ್ಪು ಬಿದ್ದಿದೆ. ಕಾಯಿಪಲ್ಯೆ ಹೆಚ್ಚುತ್ತಾ ಫೋನಿನಲ್ಲಿ ಮಾತಾಡುವುದನ್ನು ಸ್ವಲ್ಪ ಕಾಲ ಬಿಡಿ.

ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಆಪರೇಶನ್ ಆಗಿ ಆರು ವಾರವಾಗುವವರೆಗೆ ತುಂಬಿದ ಬಿಂದಿಗೆ ಎತ್ತಬಾರದು. ಊಟದಲ್ಲಿ ರಾಗಿ, ಎಳ್ಳು, ಮೊಸರು ಇರಲಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಸಂಜೆಯ ಮೇಲೆ ಕಾಫಿ ಬೇಡ.

ಹಂತ 6: ಮನೆಯವರಿಗೆ ಬಾಯಿಬಿಟ್ಟು ಹೇಳಿ

‘ನನಗೆ ಸಿಟ್ಟು ಬರುತ್ತಿರುವುದು ನಿಮ್ಮ ಮೇಲಲ್ಲ. ಮೈಯಲ್ಲಿ ಹಾರ್ಮೋನ್ ಕಮ್ಮಿಯಾಗಿದೆ, ನಿದ್ದೆ ಇಲ್ಲ.’ ಇಷ್ಟು ಸಾಕು. ಹೇಳಲು ಕಷ್ಟವಾದರೆ ವೈದ್ಯರ ಹತ್ತಿರ ಗಂಡನನ್ನೋ ಮಗಳನ್ನೋ ಕರೆದುಕೊಂಡು ಹೋಗಿ, ಅವರೇ ಹೇಳಲಿ. ಎರಡು ವಾರ ಮೀರಿ ಮನಸ್ಸು ಕುಗ್ಗಿಯೇ ಇದ್ದರೆ, ಬದುಕು ಬೇಡವೆನಿಸಿದರೆ ಒಂದು ದಿನವೂ ಕಾಯದೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ಹಂತ 7: ಯಾವಾಗ ಓಡಬೇಕು

ಬೀಗದ ಕೈ ಎಲ್ಲಿಟ್ಟೆನೆಂದು ಮರೆಯುವುದು ಒಂದು ತೂಕ, ಬೀಗದ ಕೈ ಏತಕ್ಕೆ ಎಂದೇ ತಿಳಿಯದಿರುವುದು ಇನ್ನೊಂದು. ದಿನಾ ನಡೆದ ದಾರಿ ತಪ್ಪಿದರೆ, ಕೈಗೆ ಕುಳಿತ ಅಡುಗೆಯ ಕ್ರಮವೇ ಮರೆತರೆ, ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಾ ಹೋದರೆ ನರರೋಗ ತಜ್ಞರಿಗೆ ತೋರಿಸಿ. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕೈ ಸೋತರೆ ತಕ್ಷಣ 108ಕ್ಕೆ ಫೋನು ಮಾಡಿ.

ಚಿಕಿತ್ಸೆ ಶುರುವಾಗಿ ಮೂರು ತಿಂಗಳಿಗೆ ಮತ್ತೆ ವೈದ್ಯರ ಬಳಿ ಹೋಗಿ, ಎಲುಬಿನ ಡೆಕ್ಸಾ ಸ್ಕ್ಯಾನ್ ಬೇಕೇ ಎಂದು ಕೇಳಿ. ಹೋಗುವ ಮೊದಲು ಹದಿನೈದು ದಿನ ಆ ನೋಟ್‌ಬುಕ್ಕಿನಲ್ಲಿ ಮತ್ತೆ ಬರೆಯಿರಿ, ಹಳೆಯ ಪುಟದ ಪಕ್ಕದಲ್ಲೇ. ಅಕ್ಕ ಎರಡನೆಯ ಸಲ ಬರೆದ ಪುಟಗಳಲ್ಲಿ ರಾತ್ರಿಯ ಸಾಲು ಹೆಚ್ಚಿನ ದಿನ ಖಾಲಿಯಿತ್ತು. ಬರೆಯಲು ಅವಳಿಗೆ ಎಚ್ಚರವೇ ಆಗಿರಲಿಲ್ಲ.